ಕೀಲಿ ಕೊಡಬೇಡಿ ಎಂದು ಕಲಿಸಿದವರು

ಹೊಸಬರ ಪರಿಚಯವಾದಾಗ ಮುಂಬಯಿಯ ಕನ್ನಡಿಗರು ಮೊದಲು ಊರು ಯಾವುದೆಂದು ಕೇಳುತ್ತಾರೆ. ನಾನಿಲ್ಲಿ ನೆನೆಯುತ್ತಿರುವ ಹಿರಿಯ ಮಹಿಳೆ ಮಾತ್ರ ಹಾಗೆ ಕೇಳಿದ್ದನ್ನು ನಾನು ಕಂಡಿಲ್ಲ. "ನಿಮ್ಮ ಮನೆಯ ಮೇನ್ ಸ್ವಿಚ್ ಎಲ್ಲಿ ಉಂಟು?" ಎಂಬುದು ಅವರ ಮೊದಲ ಪ್ರಶ್ನೆ. ವಿಲೆ ಪಾರ್ಲೆಯ ನಮ್ಮ ಪುಟ್ಟ ಕಚೇರಿಗೆ ಅವರು ಬಂದ ದಿನ, ಕೂಲಿಕಾರರಿಗೆ ಕಸುಬು ಕಲಿಸುವ ನಮ್ಮ ಸಂಸ್ಥೆಯ ಧ್ಯೇಯಗಳನ್ನು ಕ್ರಮವಾಗಿ ನಿರೂಪಿಸಲು ನಾನು ಎದ್ದು ನಿಂತಿದ್ದೆ. ಪ್ರಶ್ನೆ ಬಂತು. ನಾನು ತಡವರಿಸಿದೆ.

"ದೇವರ ಫೋಟೋ ಯಾವ ಗೋಡೆಯಲ್ಲಿ ಉಂಟು ಅಂತ ಗೊತ್ತಲ್ಲ?"

"ಗೊತ್ತು."

"ಹಾಗಾದರೆ ಇದೂ ಗೊತ್ತಿರಬೇಕು. ಬೆಂಕಿ ಹತ್ತಿದ ದಿನ ದೇವರ ಹತ್ತಿರ ಆಮೇಲೆ ಹೋದರೂ ನಡೆಯುತ್ತದೆ."

ಕಳೆದ ತಿಂಗಳು ಆಂಟಾಪ್ ಹಿಲ್‌ನ ತಮ್ಮ ಮನೆಯಲ್ಲಿ ಅವರು ತೀರಿಕೊಂಡರು. ಸಂತಾಪ ಹೇಳಲು ಕೂತಿದ್ದ ಅಕ್ಕಪಕ್ಕದವರೆಲ್ಲ ಒಬ್ಬರಾದ ಮೇಲೊಬ್ಬರು ಇದೇ ಪ್ರಶ್ನೆಯನ್ನು ನೆನೆದು ನಗುತ್ತಿದ್ದರು. ಮೇಲಿನ ಮಹಡಿಯ ಹೆಂಗಸೊಬ್ಬರು, "ನಮ್ಮ ಬಿಲ್ಡಿಂಗಿನ ಮೀಟರ್ ರೂಮಿನಲ್ಲಿ ಸೈಕಲ್ ಇಟ್ಟವರಿಗೆಲ್ಲ ಬೈದು ಬೈದು ಖಾಲಿ ಮಾಡಿಸಿದ್ದು ಇವರೇ. ಈಗ ಮತ್ತೆ ಸೈಕಲ್ ಬರ್ತದೆ ನೋಡಿ," ಎಂದರು. ಶೋಕದ ಮನೆಯಲ್ಲಿ ಅಂಥ ನಗು ಏಳುವುದಾದರೆ ಹೋದವರು ಪೂರ್ತಿಯಾಗಿ ಬದುಕಿದ್ದರೆಂದೇ ನನ್ನ ತೀರ್ಮಾನ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ವಿಷಯವಾಗಿ ಯಾರಾದರೂ ಭಾಷಣ ಮಾಡಿದರೆ ಅವರು ಎದ್ದುಹೋಗುತ್ತಿದ್ದರು. ಹೆಸರು ಹಾಕಿ ಬರೆದರೆ ಅದೂ ಒಂದು ಬಗೆಯ ಭಾಷಣವೇ ಆದೀತು.

ಕರಾವಳಿಯಿಂದ ಬಂದು ಮಾಟುಂಗಾದ ಹೋಟೆಲೊಂದರಲ್ಲಿ ಅಡುಗೆಗೆ ನಿಂತಿದ್ದವರ ಮಗಳು. ಹೆಣ್ಣುಮಕ್ಕಳು ವಿದ್ಯುತ್ ಎಂಜಿನಿಯರಿಂಗ್ ಓದುವುದು ಅಪರೂಪವಾಗಿದ್ದ ಕಾಲದಲ್ಲಿ ಓದಿ, ಗಣಿಗಳಿಗೆ ಸ್ವಿಚ್‌ಬೋರ್ಡ್ ತಯಾರಿಸುವ ಕಾರ್ಖಾನೆಯಲ್ಲಿ ಕೆಲಸ ಹಿಡಿದರು. ಯಂತ್ರ ಕೂರಿಸಿ ಚಾಲೂ ಮಾಡಿಕೊಡಲು ದೇಶದ ಗಣಿಗಳನ್ನೆಲ್ಲ ಸುತ್ತಿದರು. ಆದರೆ ನೆಲದಡಿಯ ಗಣಿಗೆ ಹೆಂಗಸರು ಇಳಿಯುವುದನ್ನು ಆಗ ಕಾನೂನು ಒಪ್ಪುತ್ತಿರಲಿಲ್ಲ. ಹೀಗಾಗಿ ಅವರು ಮೇಲೆ ಕೂತು, ಕೆಳಗಿನ ಗಂಡಸರಿಗೆ ಟೆಲಿಫೋನಿನಲ್ಲಿ ಒಂದೊಂದೇ ಹೆಜ್ಜೆ ಹೇಳಬೇಕಾಗಿತ್ತು. ಅವರ ದನಿ ಅಷ್ಟು ದೊಡ್ಡದಾದದ್ದು ಹೀಗೆ. ವಾಕ್ಯಗಳು ಅಷ್ಟು ಚಿಕ್ಕವಾದದ್ದೂ ಹೀಗೆಯೇ.

ಆ ಟೆಲಿಫೋನಿನಲ್ಲೇ ಅವರು ಒಂದು ಸಾವನ್ನು ಕೇಳಿಸಿಕೊಂಡಿದ್ದರು. ಆ ಗಣಿ ಯಾವುದೆಂದು ನನಗೆ ಹೇಳಲಿಲ್ಲ. ಕೆಳಗಿದ್ದ ಕೆಲಸಗಾರ ಸ್ವಿಚ್ ಆರಿಸಿ, ಬೀಗ ಹಾಕಿ, ಕೇಬಲ್ ಬಿಚ್ಚಿದ್ದ. "ಕೀಲಿ ಯಾರ ಹತ್ತಿರ?" ಎಂದು ಇವರು ಕೇಳಿದರು. "ಅಣ್ಣ ಕೇಳಿದರು, ಕೊಟ್ಟೆ," ಎಂದ. ಇವರು "ವಾಪಸು ತಗೊಳ್ಳಿ" ಎನ್ನುವಷ್ಟರಲ್ಲಿ ಆ ಕಡೆಯ ಮಾತು ನಿಂತಿತ್ತು. ಅಣ್ಣ ಬೇರೆ ಯಾವುದೋ ಯಂತ್ರಕ್ಕಾಗಿ ಸ್ವಿಚ್ ಹಾಕಿದ್ದ. ಈ ಸಂಗತಿಯನ್ನು ಅವರು ನನಗೆ ಹೇಳಿದ್ದು ಒಂದೇ ಸಲ, ಲೋಕಲ್ಲಿಗೆ ಕಾಯುತ್ತ ದಾದರ್ ಪ್ಲ್ಯಾಟ್‌ಫಾರ್ಮಿನಲ್ಲಿ ನಿಂತಿದ್ದಾಗ. ಹೇಳಿ ಮುಗಿಸಿ, ಗಾಡಿ ಬಂತೆಂದು ಲೇಡೀಸ್ ಡಬ್ಬಕ್ಕೆ ಹತ್ತಿ ಹೋದರು.

ಅವರು ನಮ್ಮ ಕೆಲಸಕ್ಕೆ ಬಂದದ್ದು ನಿವೃತ್ತಿಯ ಬಳಿಕ. ದಹಿಸರ್ ದಾಟಿ ಹೆದ್ದಾರಿಯಿಂದ ಒಳಗೆ ಹೊರಳಿದರೆ ಕಲ್ಲುಗಣಿಗಳು ಸಾಲಾಗಿವೆ. ಮುಂಬಯಿ ಎತ್ತರಕ್ಕೆ ಏಳುವುದು ಅಲ್ಲಿನ ಜಲ್ಲಿಯ ಬಲದಿಂದ. ಅಂಥ ಗಣಿಗಳಿಗೆ ವೈರ್‌ಮನ್‌ಗಳು ಸಿಗದ ಕಾಲ ಬಂದಿತ್ತು. ಕೆಲಸ ಬಲ್ಲವರು ಗಲ್ಫಿಗೆ ಹೋದರು, ಉಳಿದವರನ್ನು ಮೆಟ್ರೋ ಕಾಮಗಾರಿ ಸೆಳೆದುಕೊಂಡಿತು. ಪರವಾನಗಿ ಉಳ್ಳ ಮೇಲ್ವಿಚಾರಕ ಒಬ್ಬನೇ ಮೋಟರ್‌ಬೈಕಿನಲ್ಲಿ ಗಣಿಯಿಂದ ಗಣಿಗೆ ಓಡುತ್ತಿದ್ದ. ಅವನು ಇಲ್ಲದ ಹೊತ್ತಿನಲ್ಲಿ, ಮೊಣಕಾಲುದ್ದ ನೀರಿನಲ್ಲಿ, ಟೇಪು ಸುತ್ತಿದ ಕೇಬಲ್ಲುಗಳ ನಡುವೆ, ಕಲ್ಲು ಒಡೆಯುವವರೇ ಫ್ಯೂಸ್ ಹಾಕಿಕೊಳ್ಳುತ್ತಿದ್ದರು. ಕೊರತೆಯನ್ನು ನೀಗಿಸಲು ಹೊರಗಿನವರನ್ನು ಹುಡುಕುವುದಕ್ಕಿಂತ ಗಣಿಯಲ್ಲಿ ಇರುವವರನ್ನೇ ಕಲಿಸಿ ಬೆಳೆಸುವುದು ನ್ಯಾಯವೂ ಹೌದು, ಜಾಣತನವೂ ಹೌದು ಎಂಬುದು ನಮ್ಮ ಸಂಸ್ಥೆಯ ವಾದ. ಆ ವಾದವನ್ನು ನಾನು ಎಲ್ಲ ಗಣಿ ಮಾಲೀಕರ ಮುಂದೆಯೂ ಮಂಡಿಸಿದೆ. ಒಬ್ಬರು ಒಪ್ಪಿದರು. ನನ್ನ ವಾದಕ್ಕೆ ಮಣಿದರೋ, ಬೇರೆ ದಾರಿಯಿಲ್ಲದೆ ಒಪ್ಪಿದರೋ, ಆ ಚರ್ಚೆ ಇಲ್ಲಿ ಬೇಡ.

ಎಲ್ಲರೂ ಸೇಠ್ ಎನ್ನುತ್ತಿದ್ದ ಈ ಮಾಲೀಕರು ಉಡುಪಿ ಕಡೆಯವರು. ಮೊದಲು ಹೋಟೆಲು ನಡೆಸಿ, ಆಮೇಲೆ ಗಣಿಯನ್ನು ಲೀಸಿಗೆ ಹಿಡಿದವರು. ಮೊದಲ ಭೇಟಿಯಲ್ಲೇ ತಮ್ಮ ಲೆಕ್ಕವನ್ನು ನೇರವಾಗಿ ಮುಂದಿಟ್ಟರು.

"ಮೇಡಂ, ನಾವು ನೀವು ಒಂದೇ ಊರಿನ ಕಡೆಯವರು. ಸ್ವಲ್ಪ ಎಡ್ಜಸ್ಟ್ ಮಾಡಿ ನಮ್ಮ ಜನರನ್ನು ಬೇಗ ಪಾಸು ಮಾಡಿ ಬಿಡಿ. ನನಗೆ ಸ್ವಿಚ್‌ಬೋರ್ಡಿಗೆ ಒಬ್ಬ ಜನ ಬೇಕು, ಅಷ್ಟೇ."

"ಊರಿನವರಾದ ಕಾರಣ ಹೆಚ್ಚು ದಿವಸ ಕಲಿಸುತ್ತೇನೆ," ಎಂದರು ಇವರು. "ಬೇರೆಯವರಾದರೆ ಬೇಗ ಮುಗಿಸುತ್ತಿದ್ದೆ."

"ಎಂತ ಮಾರಾಯ್ರೆ ನೀವು! ಕ್ರಷರ್ ನಿಂತರೆ ನನ್ನ ಹೊಟ್ಟೆ ನಿಲ್ಲುತ್ತದೆ."

"ಹೋಟೆಲಿನವರು ಹೊಟ್ಟೆಯ ಚಿಂತೆ ಮಾಡಬಾರದು."

ಸೇಠ್ ನಕ್ಕರು, ಆದರೆ ಒಂದು ಗಡುವನ್ನೂ ಇಟ್ಟರು. ಮಳೆಗಾಲ ಮುಗಿದು ಗಣಿ ಪೂರ್ತಿ ಶುರುವಾಗುವುದರೊಳಗೆ ಗಣಿಯಲ್ಲಿ ಕಲ್ಲು ಒಡೆಯುತ್ತಿದ್ದ ತಂಡದಿಂದ ಒಬ್ಬನಾದರೂ ಪಾಸಾಗಬೇಕು. ಆಗದಿದ್ದರೆ ವೈರ್‌ಮನ್ ಸಮೇತ ಬರುವ ಬೇರೆ ಗುತ್ತಿಗೆದಾರನ ತಂಡವನ್ನು ಅವರು ಕರೆಸುವರು, ಈಗಿರುವ ತಂಡದವರು ಗುಡಿಸಲು ಕಿತ್ತುಕೊಂಡು ಹೋಗಬೇಕು.

ಆ ತಂಡದವರೆಲ್ಲ ಯಾದಗಿರಿ ಕಡೆಯಿಂದ ಬಂದವರು, ಒಂದೇ ಬಳ್ಳಿಯ ನೆಂಟರು. ಅವರ ಮೇಲೆ ಒಬ್ಬ ಮೇಸ್ತ್ರಿ. ತಲೆಗೆ ಬಿಳಿ ರುಮಾಲು, ಸೊಂಟದ ಉಡಿದಾರದಲ್ಲಿ ಕೀಲಿಗಳ ಗೊಂಚಲು. ತಂಡದ ಎಲ್ಲ ಗುಡಿಸಲುಗಳ, ಎಲ್ಲ ಟ್ರಂಕುಗಳ ಕೀಲಿ ಅವನ ಸೊಂಟದಲ್ಲೇ ಇರಬೇಕೆಂಬುದು ಅವರೊಳಗಿನ ಸಂಪ್ರದಾಯ. ಹಿರಿಯನ ಹತ್ತಿರ ಕೀಲಿ ಇಟ್ಟರೆ ಅದು ಮರ್ಯಾದೆ, ತನ್ನಲ್ಲೇ ಇಟ್ಟುಕೊಂಡರೆ ಅದು ಅನುಮಾನ. ಮೇಸ್ತ್ರಿಯ ಮಗಳನ್ನು ಮದುವೆಯಾದವನೂ ಅದೇ ತಂಡದಲ್ಲಿದ್ದ. ಎಲ್ಲರಿಗಿಂತ ಚುರುಕು, ತಂತಿಯ ಬಣ್ಣ ನೋಡಿ ದಾರಿ ಹೇಳುವಷ್ಟು ಬೇಗ ಕಲಿತವನು. ಪಾಸಾಗಬೇಕಾದ ಆ ಒಬ್ಬ ಈ ಅಳಿಯನೇ ಎಂದು ಎಲ್ಲರೂ ನಂಬಿದ್ದರು.

ಪಾಠ ನಡೆಯುತ್ತಿದ್ದದ್ದು ಕಲ್ಲನ್ನು ಜಲ್ಲಿ ಮಾಡುವ ಕ್ರಷರ್ ಯಂತ್ರದ ಪಕ್ಕದ ತಗಡಿನ ಶೆಡ್ಡಿನಲ್ಲಿ. ಮೊದಲ ದಿನ ಅವರು ಬೆಳ್ಳಿಯ ಕಡಗ, ಉಂಗುರ, ಕೊರಳ ತಾಯಿತ ಎಲ್ಲ ಬಿಚ್ಚಿಸಿದರು. "ದೇವರಿಗೆ ಸಿಟ್ಟು ಬರ್ತದ್ರಿ ಅಕ್ಕೋರ," ಎಂದ ಒಬ್ಬ. "ದೇವರಿಗೆ ನಾನು ಹೇಳುತ್ತೇನೆ. ಕರೆಂಟಿಗೆ ಯಾರು ಹೇಳುವುದು?" ಎಂದರು. ಉತ್ತರ ಕರ್ನಾಟಕದವರು ಶಾಲೆಯ ಟೀಚರಿಗೆ ಹೇಳುವಂತೆ ಅವರೆಲ್ಲ ಇವರನ್ನು ಅಕ್ಕೋರೆಂದೇ ಕರೆದರು. ಇವರು ಮಾತ್ರ ಮೀಸೆ ಮೂಡದವನಿಗೂ ಬಹುವಚನ ಬಿಡುತ್ತಿರಲಿಲ್ಲ.

ಮುಖ್ಯ ಪಾಠ ಸರಳವಾದದ್ದು. ಯಂತ್ರದೊಳಗೆ ಕೈ ಹಾಕುವ ಮೊದಲು ಮೇನ್ ಸ್ವಿಚ್ ಆರಿಸಬೇಕು. ಅದಕ್ಕೆ ತನ್ನದೇ ಬೀಗ ಹಾಕಬೇಕು. ಕೀಲಿ ತನ್ನ ಜೇಬಿನಲ್ಲೇ ಇರಬೇಕು. ಕರೆಂಟ್ ಇಲ್ಲವೆಂದು ಪರೀಕ್ಷಿಸಿ ನೋಡಬೇಕು. ಹೊರಬಂದ ಮೇಲೆ ತಾನೇ ಬೀಗ ತೆಗೆಯಬೇಕು. ಬೀಗಗಳನ್ನು ಅವರು ತಾವೇ ದಾದರಿನಿಂದ ಹೊತ್ತು ತಂದು, ಪ್ರತಿಯೊಬ್ಬನಿಗೂ ಒಂದೊಂದು ಕೊಟ್ಟಿದ್ದರು. ತಂಡದವರು ಮೂರೇ ಪಾಠದಲ್ಲಿ ಇದೆಲ್ಲವನ್ನೂ ತಪ್ಪಿಲ್ಲದೆ ಮಾಡಿ ತೋರಿಸಿದರು. ನಾನು ಹಿಗ್ಗಿದೆ, ಅವರೂ ಹಿಗ್ಗಿದರು.

ಆ ಹಿಗ್ಗು ಹೆಚ್ಚು ಕಾಲ ಉಳಿಯಲಿಲ್ಲ. ಮರುವಾರ ನಾವು ಹೋದಾಗ ಮೇಸ್ತ್ರಿ ಎದುರಿಗೆ ಬಂದ. ಅವನ ಸೊಂಟದ ಗೊಂಚಲು ಎರಡು ಪಟ್ಟಾಗಿತ್ತು.

"ಇದೆಂತದು ಮೇಸ್ತ್ರಿಯವರೇ?"

"ನೀವು ಕೊಟ್ಟ ಬೀಗದ ಕೀಲಿನಽ ಅಲ್ಲೇನ್ರಿ ಅಕ್ಕೋರ," ಎಂದ ಅವನು ಅಭಿಮಾನದಿಂದ. "ಎಲ್ಲಾರೂ ತಂದು ನನ್ನ ಕೈಯಾಗ ಕೊಟ್ಟಾರ. ಒಂದೂ ಕಳದಿಲ್ಲ. ಭಾಳ ಜ್ವಾಕಿ ಅದಾವು."

ಅವರು ಅವನನ್ನು ಬೈಯಲಿಲ್ಲ. ಗೊಂಚಲಿನ ಹೊಸ ಕೀಲಿಗಳನ್ನು ಒಂದೊಂದಾಗಿ ಎಣಿಸಿದರು. ಟೆಲಿಫೋನಿನ ಆ ಅಣ್ಣ ತಮ್ಮಂದಿರು ಅವರಿಗೆ ನೆನಪಾಗಿರಬೇಕು ಎಂದು ಈಗ ನನಗೆ ತೋರುತ್ತದೆ. ಆಮೇಲೆ ನನ್ನ ಕಡೆ ತಿರುಗಿ, "ನಾವು ಬೀಗ ಹಾಕುವುದನ್ನು ಕಲಿಸಿದ್ದೇವೆ. ಕೀಲಿ ಕೊಡದೆ ಇರುವುದನ್ನು ಕಲಿಸಲಿಲ್ಲ," ಎಂದರು.

ಅಂದಿನಿಂದ ಪರೀಕ್ಷೆಯ ಸ್ವರೂಪವೇ ಬದಲಾಯಿತು. ಅಭ್ಯರ್ಥಿ ಬೀಗ ಹಾಕಿ ಯಂತ್ರದೊಳಗೆ ಇಳಿಯಬೇಕು. ಆಗ ಅವನ ಮನೆಯ ಹಿರಿಯರೊಬ್ಬರು ಬಂದು ಕೀಲಿ ಕೇಳುವರು. ಕೊಟ್ಟವನು ನಪಾಸು. ಬೇರೆಲ್ಲ ಉತ್ತರ ಸರಿಯಿದ್ದರೂ ನಪಾಸು.

ಅಳಿಯನ ಪರೀಕ್ಷೆಯ ದಿನ ಇಡೀ ತಂಡ ಸುತ್ತ ಸೇರಿತ್ತು. ಅವನು ಎಲ್ಲವನ್ನೂ ಅಚ್ಚುಕಟ್ಟಾಗಿ ಮಾಡಿ ಕ್ರಷರಿನ ಬಾಯಿಯೊಳಗೆ ಇಳಿದ. ಅವರು ಹೇಳಿಕೊಟ್ಟಿದ್ದಂತೆ ಮೇಸ್ತ್ರಿ ಹೋಗಿ, "ಏ, ಆ ಕೀಲಿ..." ಎಂದನಷ್ಟೆ. ಮಾತು ಮುಗಿಯುವ ಮೊದಲೇ ಕಬ್ಬಿಣದ ಹಲ್ಲುಗಳ ನಡುವಿನಿಂದ ಒಂದು ಕೈ ಮೇಲೆದ್ದಿತು. ಬೆರಳ ತುದಿಯಲ್ಲಿ ಕೀಲಿ ಇತ್ತು.

ಅವರು ಗಟ್ಟಿಯಾಗಿ, "ನಪಾಸು," ಎಂದರು.

ಹೊರಬಂದ ಅಳಿಯನ ಮುಖ ಇಳಿದುಹೋಗಿತ್ತು. "ಅಕ್ಕೋರ, ಮಾವ ಕೇಳಿದ್ರು. ಹ್ಯಾಂಗ ಇಲ್ಲ ಅನ್ನೂದು?"

"ಬಾಯಿಯಿಂದ," ಎಂದರು ಅವರು.

ಮರಳುವಾಗ ದಹಿಸರ್ ಸ್ಟೇಷನ್ನಿನವರೆಗೆ ಅವರಿಗೂ ನನಗೂ ದೊಡ್ಡ ವಾದವಾಯಿತು. ಕಾಲೇಜಿನ ಚರ್ಚಾವೇದಿಕೆಯಲ್ಲಿ ಪಳಗಿದ ನಾನು ನನ್ನ ಪಕ್ಷವನ್ನು ಕ್ರಮವಾಗಿ ಕಟ್ಟಿದೆ. ಇದು ವಿದ್ಯುತ್ತಿನ ಪರೀಕ್ಷೆಯೋ ಕುಟುಂಬದ ಪರೀಕ್ಷೆಯೋ? ತಲೆಮಾರುಗಳಿಂದ ಬಂದ ಗೌರವದ ರೀತಿಯನ್ನು ಒಂದು ತಿಂಗಳ ತರಬೇತಿಯಲ್ಲಿ ಮುರಿಯಲು ನಮಗೇನು ಹಕ್ಕು? ಇವನೊಬ್ಬ ನಪಾಸಾದರೆ ತಂಡಕ್ಕೆ ತಂಡವೇ ಗಂಟುಮೂಟೆ ಕಟ್ಟಬೇಕಲ್ಲವೇ? ಈ ಪ್ರಶ್ನೆಗಳು ದುರ್ಬಲವೆಂದು ಇಂದಿಗೂ ನನಗೆ ಅನಿಸುವುದಿಲ್ಲ. ಅವರು ಎಲ್ಲವನ್ನೂ ಕೇಳಿದರು, ಕೊನೆಯದಕ್ಕೆ ಮಾತ್ರ ಉತ್ತರ ಕೊಟ್ಟರು.

"ಗಂಟುಮೂಟೆ ಕಟ್ಟಿದವರು ಇನ್ನೊಂದು ಕಡೆ ಬಿಚ್ಚುತ್ತಾರೆ. ಕರೆಂಟ್ ಹೊಡೆದವ ಎಲ್ಲಿ ಬಿಚ್ಚುವುದು?"

"ಹಾಗಿದ್ದರೆ ಹಿರಿಯರಿಗೆ ನೋವಾಗದಂತೆ ಇಲ್ಲ ಎನ್ನುವುದು ಹೇಗೆಂದು ನಾನು ಅವನಿಗೆ ಕಲಿಸುತ್ತೇನೆ. ಕಾರಣಗಳನ್ನು ಜೋಡಿಸಿ, ವಿನಯದಿಂದ..."

"ವಾದ ಕಲಿಸಬೇಡಿ ಮಾರಾಯ್ರೆ. ವಾದಕ್ಕೆ ಇಳಿದವ ಸೋಲಲೂಬಹುದು. ಅವನು ಸೋಲಬಾರದು."

ಅವರ ಈ ಮಾತನ್ನು ನಾನು ಆಮೇಲೆ ಅನೇಕ ಸಭೆಗಳಲ್ಲಿ ಉಪಯೋಗಿಸಿದ್ದೇನೆ. ಸುಧಾರಣೆಯೆಂದರೆ ತಿಳಿವಳಿಕೆ ಹಂಚುವುದು ಎಂದು ನಂಬುವವರು ನಾವು. ತಿಳಿದದ್ದನ್ನು ಹಿರಿಯರೆದುರು, ಧಣಿಯೆದುರು, ಅವಸರದೆದುರು ಉಳಿಸಿಕೊಳ್ಳುವ ಕಸುವನ್ನೂ ಕಲಿಸಬಹುದು, ಅದಕ್ಕೂ ಅಭ್ಯಾಸ ಬೇಕು ಎಂಬುದನ್ನು ಅವರು ತೋರಿಸಿಕೊಟ್ಟರು. ಮುಂದಿನ ಪಾಠಗಳಲ್ಲಿ ತಂಡದವರನ್ನು ಎದುರುಬದುರಾಗಿ ನಿಲ್ಲಿಸಿ, ಒಬ್ಬ ಕೀಲಿ ಕೇಳುವುದು, ಇನ್ನೊಬ್ಬ "ಕೊಡಂಗಿಲ್ಲ" ಎನ್ನುವುದು, ಇದನ್ನೇ ಮಾಡಿಸಿದರು. ಆರಂಭದಲ್ಲಿ ಎಲ್ಲರೂ ನಾಚಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಆಮೇಲೆ ಅದೊಂದು ಆಟವಾಯಿತು. ಬೀಡಿ ಕೇಳಿದರೂ "ಕೊಡಂಗಿಲ್ಲ," ಎಲೆಯಡಿಕೆ ಕೇಳಿದರೂ "ಕೊಡಂಗಿಲ್ಲ." ಮೇಸ್ತ್ರಿ ಬಂದರೆ ಮಾತ್ರ ಆಟ ನಿಲ್ಲುತ್ತಿತ್ತು. ಅಳಿಯನಂತೂ ಮಾವನ ನೆರಳು ಕಂಡರೆ ತಲೆ ತಗ್ಗಿಸುತ್ತಿದ್ದ.

ಮರುಪರೀಕ್ಷೆ ಯಾವಾಗ ಎಂದು ಅವನು ಕೇಳಿದಾಗ ಅವರು ದಿನ ಹೇಳಲಿಲ್ಲ. "ಕರೆಂಟ್ ಹೇಳಿ ಬರುತ್ತದಾ?" ಎಂದರು. ಮೇಸ್ತ್ರಿಗೂ ಏನನ್ನೂ ತಿಳಿಸಲಿಲ್ಲ. ಹೇಳಿಕೊಟ್ಟು ಕೇಳಿಸಿದ ಕೀಲಿಗೆ ಬೆಲೆಯಿಲ್ಲ ಎಂಬುದು ಅವರ ಎಣಿಕೆ. ಬದಲಾಗಿ ನೇರ ಸೇಠ್ ಹತ್ತಿರ ಹೋದರು.

"ನೀವು ಒಂದು ಕೆಲಸ ಮಾಡಬೇಕು. ಲಾರಿಗಳು ನಿಂತಿರುವ ಹೊತ್ತಿಗೆ ಬಂದು ಮೇಸ್ತ್ರಿಗೆ ಬೈಯಬೇಕು."

"ಅದು ನಾನು ದಿನಾ ಮಾಡುತ್ತೇನಲ್ಲ ಮೇಡಂ?"

"ಅದಕ್ಕೇ ನಿಮ್ಮನ್ನು ಆರಿಸಿದ್ದು. ರಿಹರ್ಸಲ್ ಬೇಡ."

ಮಳೆ ಹಿಂದೆಗೆದಿತ್ತು, ಸೇಠ್ ಇಟ್ಟ ಗಡುವು ಹತ್ತಿರವಾಗಿತ್ತು. ಆ ಬೆಳಗ್ಗೆ ಜಲ್ಲಿಗಾಗಿ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಕ್ರಷರಿನ ಬಾಯಲ್ಲಿ ದೊಡ್ಡ ಕಲ್ಲೊಂದು ಸಿಕ್ಕಿಕೊಂಡಿತ್ತು. ಅಳಿಯ ಸ್ವಿಚ್ ಆರಿಸಿ, ಬೀಗ ಹಾಕಿ, ಕೀಲಿಯನ್ನು ಜೇಬಿಗಿಳಿಸಿ, ಕರೆಂಟ್ ಇಲ್ಲವೆಂದು ನೋಡಿಕೊಂಡು, ಸರಪಳಿ ಹಿಡಿದು ಒಳಗೆ ಇಳಿದ. ಮೇಲ್ವಿಚಾರಕ ಅದಕ್ಕೂ ಮೊದಲೇ ಕಂಬದ ಫ್ಯೂಸನ್ನು ಕಿತ್ತು ತನ್ನಲ್ಲಿಟ್ಟುಕೊಂಡಿದ್ದ. ಅಳಿಯ ಕೀಲಿ ಕೊಟ್ಟರೂ ಯಾವ ಅಪಾಯವೂ ಇರಲಿಲ್ಲ. ಆದರೆ ಅದು ಮಾವನಿಗೂ ಅಳಿಯನಿಗೂ ಗೊತ್ತಿರಲಿಲ್ಲ. ಅವರೂ ನಾನೂ ಶೆಡ್ಡಿನ ಹಿಂದೆ ನಿಂತೆವು.

ಸೇಠ್ ಬಂದು ತಮ್ಮ ಪಾತ್ರವನ್ನು ಮನಸಾರೆ ನಿರ್ವಹಿಸಿದರು. ಲಾರಿ ಡ್ರೈವರುಗಳ ಎದುರಿಗೇ ಬೈಸಿಕೊಂಡ ಮೇಸ್ತ್ರಿ ಕೆಂಡವಾಗಿ ಕ್ರಷರಿನ ಹತ್ತಿರ ಬಂದ.

"ಏ, ಕೀಲಿ ತಾರೋ."

"ಕಲ್ಲು ಇನ್ನೂ ಹೊರಗ ಬಂದಿಲ್ಲ ಮಾವಾ."

"ನಿನ್ನ ಮಷಿನ್ ಯಾರು ಮುಟ್ತಾರ? ಆ ಕಡಿ ಬೆಲ್ಟ್ ಒಂದ ಚಾಲೂ ಮಾಡ್ತೀನಿ. ಬಿದ್ದಿರೋ ಜಲ್ಲಿ ಲಾರಿಗೆ ಏರಸ್ತೀನಿ. ಸೇಠ್ ಮೈಮ್ಯಾಲೆ ಬರ್ಲಿಕತ್ತಾನ. ತಾ ಲಗೂನ."

ಅದು ಪೂರ್ತಿ ಸಕಾರಣವಾದ ಬೇಡಿಕೆ. ಆ ಬೆಲ್ಟಿಗೂ ಕ್ರಷರಿಗೂ ಇದ್ದದ್ದು ಒಂದೇ ಮೇನ್ ಸ್ವಿಚ್. ಅವಘಡಗಳು ಬರುವುದು ಇಂಥ ಸಕಾರಣಗಳ ಬೆನ್ನೇರಿಯೇ.

ಕ್ರಷರಿನೊಳಗೆ ಸರಪಳಿಯ ಸದ್ದು ನಿಂತಿತು.

"ಕೊಡಂಗಿಲ್ಲ ಮಾವಾ."

ಒಬ್ಬ ಡ್ರೈವರ್ ಕಿಟಕಿಯಿಂದ ತಲೆ ಹೊರಹಾಕಿ, "ಕ್ಯಾ ಮೇಸ್ತ್ರಿ, ದಾಮಾದ್ ಸುನ್‌ತಾ ನಹೀಂ ಕ್ಯಾ?" ಎಂದು, ಅಳಿಯನೇ ಮಾತು ಕೇಳದ್ದಕ್ಕೆ ಹಂಗಿಸಿ ನಕ್ಕ. ಉಳಿದವರೂ ನಕ್ಕರು. ಮೇಸ್ತ್ರಿಯ ಕೊರಳ ನರ ಉಬ್ಬಿತು.

"ಮಗಳನ್ನ ಕೊಟ್ಟೀನೋ ನಿನಗ! ಮಗಳನ್ನ ಕೊಟ್ಟಾಂವಗ ಒಂದು ಕೀಲಿ ಕೊಡಂಗಿಲ್ಲೇನು?"

ಒಳಗಿನಿಂದ ಉತ್ತರ ಬಂತು.

"ಮಗಳನ್ನ ಕೊಟ್ಟೀರಿ ಮಾವಾ. ಅದಕ್ಕಽ ಕೊಡಂಗಿಲ್ಲ."

ಆ ಮಾತನ್ನು ಯಾರೂ ಅವನಿಗೆ ಹೇಳಿಕೊಟ್ಟಿರಲಿಲ್ಲ. ನಾನಂತೂ ಅಲ್ಲ. ಅವರೂ ಅಲ್ಲವೆಂಬುದು ಅವರು ನನ್ನ ತೋಳನ್ನು ಹಿಡಿದ ಬಿಗಿಯಲ್ಲೇ ತಿಳಿಯಿತು.

ಅವರು ಶೆಡ್ಡಿನ ಹಿಂದಿನಿಂದ ಹೊರಬಂದರು. ಕಂಬದ ಫ್ಯೂಸನ್ನು ತರಿಸಿ ಮೇಸ್ತ್ರಿಗೆ ತೋರಿಸಿ, ಇದು ಪರೀಕ್ಷೆಯೆಂದು ನೇರವಾಗಿ ಹೇಳಿದರು.

"ಮಂದಿ ಮುಂದ ನನ್ನ ಮೂಗು ಕೊಯ್ಯಾಕ ಇಷ್ಟೆಲ್ಲಾ ಹೂಡಿದ್ರೇನ್ರಿ ಅಕ್ಕೋರ?"

"ಬೈಯುವುದಿದ್ದರೆ ನನಗೆ ಬೈಯಿರಿ, ಕೇಳುತ್ತೇನೆ," ಎಂದರು ಅವರು. ಆ ದೊಡ್ಡ ದನಿ ಅಷ್ಟು ತಗ್ಗಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. "ಆದರೆ ಇವತ್ತಿನ ಫಲಿತಾಂಶ ನಾನು ಹೇಳುವುದಿಲ್ಲ. ಕೇಳಿದವರು ನೀವು, ಇಲ್ಲ ಅನ್ನಿಸಿಕೊಂಡವರೂ ನೀವು. ನೀವೇ ಹೇಳಿ. ಪಾಸಾ, ನಪಾಸಾ?"

ಲಾರಿಗಳ ಎಂಜಿನ್ನುಗಳು ಗುರುಗುಡುತ್ತಿದ್ದವು. ಮೇಸ್ತ್ರಿ ಕ್ರಷರಿನ ಬಾಯಿಯೊಳಗೆ ಇಣುಕಿದ. ಅಳಿಯ ಇನ್ನೂ ಅಲ್ಲೇ ಇದ್ದ, ಎರಡು ಕಬ್ಬಿಣದ ಗೋಡೆಗಳ ನಡುವೆ ಸೊಂಟದವರೆಗೆ ಹುದುಗಿ, ಒಂದು ಕೈಯನ್ನು ಕಲ್ಲಿನ ಮೇಲೆ, ಇನ್ನೊಂದನ್ನು ಜೇಬಿನ ಮೇಲೆ ಒತ್ತಿಕೊಂಡು. ಮೇಸ್ತ್ರಿ ರುಮಾಲು ಬಿಚ್ಚಿ ಮುಖ ಒರೆಸಿಕೊಂಡು, ಮತ್ತೆ ಸುತ್ತಿಕೊಂಡ.

"ಪಾಸ್ ಅಂತ ಬರ್ಕೋರಿ," ಎಂದ.

ಲಾರಿಗಳ ಕಡೆ ಹೊರಟವನು ನಡುವೆಯೇ ನಿಂತು ಹಿಂತಿರುಗಿದ.

"ಆದ್ರ ಇವತ್ತ ನಮ್ಮ ಮನಿಗೆ ಊಟಕ್ಕ ಬರೂದು ಬ್ಯಾಡ ಅಂತ ಅವಗ ಹೇಳ್ರಿ ಅಕ್ಕೋರ. ನಾಳಿ ಬರ್ಲಿ."